ನೋಟರಿಯಮ್ಮನ ಗಂಟಲು

ಎವಾಸಿಯೊನ ಎಡಗೆನ್ನೆ ನುಣ್ಣಗಾಗಿ, ಬಲಗೆನ್ನೆಗೆ ಇನ್ನೂ ನೊರೆ ಮೆತ್ತಿದ್ದಾಗ ಕ್ಷೌರಿಕ ಪ್ರಿಮೊ ಬಾಯಿ ತೆರೆಯದಿದ್ದರೆ ಅನಾಹುತವೇ ಆಗುತ್ತಿರಲಿಲ್ಲ.

"ಭಾನುವಾರ ಮದುವೆ ಉಂಗುರ ಬಿತ್ತೂಂದ್ರೆ ಮುಗೀತು ಕಣೋ. ಆಮೇಲೆ ನಿಂದೆಲ್ಲ ನಿಂದೂ ಹೌದು, ದೆಲ್ಫೀನಾಂದೂ ಹೌದು. ಬೇಡ ಅಂದ್ರೆ ಮೊದಲೇ ಪತ್ರ ಮಾಡಿಸ್ಕೋಬೇಕು."

"ಎಲ್ಲ ಹೋಗ್ಲಿ ಬಿಡು. ಜಾಗ?"

ಯಾವ ಜಾಗವೆಂದು ಊರಿನಲ್ಲಿ ಯಾರೂ ಕೇಳುವಂತಿರಲಿಲ್ಲ. ನವೆಂಬರಿನ ಮಂಜಿನೊಳಕ್ಕೆ ನಾಯಿಯೊಂದಿಗೆ ಮಾಯವಾಗುವ ಎವಾಸಿಯೊ, ಚಿನ್ನದ ಬೆಲೆ ಬಾಳುವ, ಮುಷ್ಟಿಗಾತ್ರದ ಬಿಳಿ ಟ್ರಫಲ್ ಅಣಬೆಗಳೊಂದಿಗೆ ಮರಳುತ್ತಿದ್ದ. ಅವು ಯಾವ ಮರದ ಬೇರಿನಡಿ ಸಿಗುತ್ತವೆಂದು ಅವನಪ್ಪ ಸಾಯುವಾಗ, ಪಾದ್ರಿಯನ್ನೂ ಹೊರಗೆ ಕಳಿಸಿ, ಕಿವಿಯಲ್ಲಿ ಹೇಳಿದ್ದ.

"ಜಾಗಾನೂ ಅರ್ಧ ದೆಲ್ಫೀನಾಂದೇ," ಎಂದ ಪ್ರಿಮೊ, ತನಗೆ ಗೊತ್ತಿಲ್ಲದ್ದನ್ನು ಹೇಳುವಾಗಿನ ಗಟ್ಟಿ ದನಿಯಲ್ಲಿ. "ಅಂದ್ರೆ ಅವಳ ತಮ್ಮ ನಾಂದೊನದೂ ಆದಂಗೇ."

ನಾಂದೊ! ಆ ಜಾಗ ಪತ್ತೆ ಮಾಡಲು ವರ್ಷಗಟ್ಟಲೆ ಎವಾಸಿಯೊನ ಬೆನ್ನು ಬಿದ್ದವನು. ಒಮ್ಮೆ ಸನ್ಯಾಸಿನಿಯ ನಿಲುವಂಗಿ ತೊಟ್ಟು ಹಿಂಬಾಲಿಸಿ, ಮೀಸೆಯಿಂದಾಗಿ ಸಿಕ್ಕಿಬಿದ್ದವನು. ಎವಾಸಿಯೊ ಅರ್ಧ ನೊರೆಯಲ್ಲೇ ನೋಟರಿಯ ಬಳಿ ಓಡಿದ.

ನೋಟರಿ ಸೆತ್ತಿಮಿಯಾ ಅಮ್ಮನವರಿಗೆ ಕಿವಿ ಮಂದ. "ಆಸ್ತಿ ಬೇರೆ ಬೇರೆ ಅಂತ ಮದುವೆ ದಿನ ಪಾದ್ರಿಗೆ ಹೇಳಿದ್ರೆ ಸಾಕಪ್ಪ."

"ಸಾಲದು ಅಮ್ಮಾವ್ರೇ. ಜಾಗ ಅಂತಾನೇ ಬರೀರಿ."

"ನೆಲ ಯಾರದು?"

"ಯಾರದೋ. ಅಲ್ಲಿ ಅಣಬೆ ಇದೆ ಅಂತ ಗೊತ್ತಿರೋದು ಮಾತ್ರ ನನ್ನದು."

ಮೂವತ್ತು ವರ್ಷದ ವೃತ್ತಿಯಲ್ಲಿ ಇಂಥ ಆಸ್ತಿಯನ್ನು ಕಾಣದ ಅಮ್ಮನವರು ಕನ್ನಡಕ ಒರೆಸಿಕೊಂಡರು. "ಸರಿ, ಎಲ್ಲಿದೆ ಹೇಳು. ಬರೆಯದೆ ಇದ್ದದ್ದು ಕಾನೂನಿಗೆ ಗೊತ್ತಾಗಲ್ಲ."

ಎವಾಸಿಯೊ ಬಾಗಿಲು ಹಾಕಿ ಪಿಸುಗುಟ್ಟಿದ.

"ಏನು?"

ಮತ್ತೆ ಪಿಸುಗುಟ್ಟಿದ.

"ಏನಪ್ಪಾ?"

ಕಡೆಗೆ ಅಂಗೈ ಮೇಲೆ ಬರೆದು ತೋರಿಸಿ, ಆ ಕ್ಷಣವೇ ನೆಕ್ಕಿ ಅಳಿಸಿದ.

ಪತ್ರಕ್ಕೆ ಅವಳ ರುಜುವೂ ಬೇಕೆಂದು ಹೇಳಿಕಳಿಸಿದಾಗ ದೆಲ್ಫೀನಾ ತನ್ನ ಚೀಸ್ ಅಂಗಡಿಯಿಂದ ಏಪ್ರನ್ನಿನಲ್ಲೇ ಬಂದಳು, ಹಿಂದೆ ನಾಂದೊ.

"ನನ್ನ ಮೇಲೆ ನಂಬಿಕೆ ಇಲ್ವಾ?"

"ನಿನ್ನ ಮೇಲಿದೆ. ನಿನ್ನ ಹಿಂದೆ ನಿಂತಿರೋರ ಮೇಲಿಲ್ಲ."

"ನಾನೇ ಸಾಕ್ಷಿ ಹಾಕ್ತೀನಿ ಭಾವ!" ಎಂದು ನಾಂದೊ ಕುರ್ಚಿ ಎಳೆದ.

"ನೆಂಟರು ಸಾಕ್ಷಿ ಆಗೋ ಹಾಗಿಲ್ಲ," ಎಂದರು ಅಮ್ಮನವರು. ದೆಲ್ಫೀನಾ ತಮ್ಮನನ್ನು ಊರಾಚೆಯ ತನ್ನ ಅಂಗಡಿ ಕಾಯಲು ಅಟ್ಟಿದಳು. ಎವಾಸಿಯೊ ಜೀವನದಲ್ಲಿ ಮೊದಲ ಸಲ ಕಾನೂನಿನ ಮೇಲೆ ಪ್ರೀತಿ ಬಂದು, ಶಿಲುಬೆಯ ಗುರುತು ಮಾಡಿಕೊಂಡ. ಪ್ರಿಮೊ ಮತ್ತು ರೊಟ್ಟಿಯಂಗಡಿಯ ಎರ್ಸಿಲಿಯಾ ಸಾಕ್ಷಿಗಳಾಗಿ ಬಂದು ಕೂತರು.

"ಈಗ ಓದ್ತೀನಿ."

"ಓದೋದಾ? ಮನಸ್ಸಲ್ಲೇ ಓದ್ಕೊಳ್ಳಿ ಅಮ್ಮಾವ್ರೇ!"

"ಸಾಕ್ಷಿಗಳ ಮುಂದೆ ಗಟ್ಟಿಯಾಗಿ ಓದದ ಪತ್ರ, ಪತ್ರಾನೇ ಅಲ್ಲ."

ಕಿವಿ ಮಂದ ಇದ್ದವರ ಗಂಟಲು ಇಗರ್ಜಿಯ ಗಂಟೆಯಂತೆ. "ಪಾಳುಬಿದ್ದ ಪ್ರಾರ್ಥನಾಲಯದ ಹಿಂದೆ, ಹಳ್ಳದ ಆಚೆ ದಡದ ಮೂರನೇ ಓಕ್ ಮರದ..." ಹೊರಗೆ ಚೌಕದ ಗದ್ದಲ ನಿಂತಿತು. ಇಸ್ಪೀಟಾಡುತ್ತಿದ್ದವರ ಎಲೆಗಳು ಗಾಳಿಯಲ್ಲೇ ಉಳಿದವು.

"ಎಡದಿಂದ ಮೂರನೇದೋ, ಬಲದಿಂದ್ಲೋ?" ಪ್ರಿಮೊ ಕೂಗಿ ಕೇಳಿದ. "ಸಾಕ್ಷಿಗೆ ಸ್ಪಷ್ಟವಾಗಿರ್ಬೇಕಲ್ಲ."

"ಎಡದಿಂದ!" ಎಂದು ಅಮ್ಮನವರು ಕಣಿವೆಗೆಲ್ಲ ಸಾರಿದರು.

ದೆಲ್ಫೀನಾ ನಗುತ್ತಲೇ ರುಜು ಹಾಕಿದಳು. ಪ್ರಿಮೊ ಅವಸರದಲ್ಲಿ ತನ್ನ ಹೆಸರನ್ನೇ ತಪ್ಪು ಬರೆದು ಓಡಿದ.

ಇಳಿಹೊತ್ತಿನಲ್ಲಿ ಎವಾಸಿಯೊ ಹಳ್ಳದ ದಂಡೆಗೆ ಹೋಗಿ ನೋಡಿದ. ಸಾಕಿದ ನಾಯಿ, ಎರವಲು ತಂದ ನಾಯಿ, ಮಡಿಲ ಮೇಲಿನ ಮುದ್ದು ನಾಯಿ, ನಿಲುವಂಗಿ ಎತ್ತಿ ಕಟ್ಟಿ ಅಗೆಯುತ್ತಿದ್ದ ಪಾದ್ರಿ. ಮರದ ಬುಡ ಹಲ್ಲು ಕಿತ್ತ ಒಸಡಿನಂತಿತ್ತು. ಅವನು ಮರಳಿ ಬಂದು, ಮುದ್ರೆ ಒತ್ತಿದ ಪತ್ರ ಹಿಡಿದು, ಖಾಲಿ ಚೌಕದ ಮೆಟ್ಟಿಲ ಮೇಲೆ ಕೂತ.

ನಾಂದೊ ಅಂಗಡಿ ಮುಚ್ಚಿ ಬಂದ. "ಭಾವ, ಒಂದು ನರಪಿಳ್ಳೇನೂ ಚೀಸ್ ಕೇಳಕ್ಕೆ ಬರ್ಲಿಲ್ಲ. ಊರೆಲ್ಲ ಎಲ್ಲಿಗ್ ಹೋಗಿದೆ?"

ಎವಾಸಿಯೊಗೆ ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಪ್ರಾರ್ಥನಾಲಯ, ಹಳ್ಳ, ಮೂರನೇ ಓಕ್, ಎಡದಿಂದ, ಎಲ್ಲ ಹೇಳಿದ.

ನಾಂದೊ ಹೊಟ್ಟೆ ಹಿಡಿದು ನಕ್ಕ.

"ಊರನ್ನೆಲ್ಲ ಅಲ್ಲಿಗೆ ಕಳಿಸಿಬಿಟ್ಯಾ! ಕಿಲಾಡಿ ಕಣಯ್ಯಾ ಭಾವ! ನಿಜವಾದ ಜಾಗ ಯಾರಾದ್ರೂ ನೋಟರಿ ಹತ್ರ ಓದಿಸ್ತಾರಾ? ನಾನು ಅಷ್ಟು ದಡ್ಡ ಅಲ್ಲಪ್ಪ. ಭಾನುವಾರ ಮದುವೆ ಮುಗೀಲಿ, ಹಾಸಿಗೆ ಸುತ್ಕೊಂಡು ನಿಮ್ಮನೆಗೇ ಬಂದ್ಬಿಡ್ತೀನಿ. ಆಮೇಲೆ ನೋಡ್ತೀನಿ, ನನ್ನ ಬಿಟ್ಟು ಎಲ್ಲಿಗ್ ಹೋಗ್ತೀಯ ಅಂತ!"