ಐವತ್ತೈದರ ಮುನ್ನಾದಿನ

ಕ್ಯಾಪ್ಟನ್ ಹ್ಯೂಬರ್ಟ್ ಪಾಸ್ಕೊ ಆ ಮಂಗಳವಾರ ಬೆಳಿಗ್ಗೆ ಹಾಲಿನವನನ್ನು ಕೇಳಿದ್ದು ಒಂದೇ ಮಾತು: "ಎದುರುಮನೆ ಅಡ್ಮಿರಲ್ ಸಾಹೇಬರು ಹೇಗಿದಾರಪ್ಪ?"

ಯಾರು ಬೇಕಾದರೂ ಕೇಳಬಹುದಾದ ಮಾತು. ಪಾಸ್ಕೊ ಮಾತ್ರ ಕೇಳಬಾರದಿತ್ತು. ಹಾಲಿನವನು ಹತ್ತು ಮನೆ ದಾಟುವಷ್ಟರಲ್ಲಿ ಅದು "ಇನ್ನೂ ಇದಾರಾ?" ಎಂದಾಯಿತು. ಬೀದಿಯ ಕೊನೆ ಮುಟ್ಟುವಾಗ "ಇನ್ನೂ ಹೋಗಿಲ್ವಾ?" ಎಂದಾಯಿತು.

ಏಳನೇ ಎಡ್ವರ್ಡ್ ದೊರೆಯ ಕಾಲ. ಇಂಗ್ಲೆಂಡಿನ ಕಡಲತೀರದ ಸೌತ್‌ಸೀಯ ಆ ಬೀದಿಯಲ್ಲಿ ನೌಕಾಪಡೆಗೆ ಸೇರದವರೆಂದರೆ ಬೆಕ್ಕುಗಳು ಮಾತ್ರ. ಅಧಿಕಾರಿಗಳ ಹಿರಿತನದ ಪಟ್ಟಿ ಪ್ರತಿ ಮನೆಯಲ್ಲೂ ಬೈಬಲ್ಲಿನ ಪಕ್ಕದಲ್ಲಿರುತ್ತಿತ್ತು. ಎರಡರಲ್ಲಿ ಹೆಚ್ಚು ಸವೆದದ್ದು ಪಟ್ಟಿಯೇ. ಅದರ ಪ್ರಕಾರ ಕ್ಯಾಪ್ಟನ್‌ಗಳ ಸಾಲಿನಲ್ಲಿ ಪಾಸ್ಕೊ ಎಲ್ಲರಿಗಿಂತ ಮೇಲಿದ್ದ. ಮೇಲಿನ ಒಬ್ಬ ಅಡ್ಮಿರಲ್ ಸತ್ತರೆ ಆ ದಿನವೇ ಇವನು ರಿಯರ್ ಅಡ್ಮಿರಲ್. ಯಾರೂ ಕದಲದಿದ್ದರೆ ನಾಳೆ, ಬುಧವಾರ, ಇವನಿಗೆ ಐವತ್ತೈದು ತುಂಬುತ್ತದೆ. ಐವತ್ತೈದು ತುಂಬಿದ ಕ್ಯಾಪ್ಟನ್ನಿಗೆ ಮನೆಯೇ ಗತಿ. ಮುಂದೊಂದು ದಿನ ಹೆಸರಿಗೆ ಅಡ್ಮಿರಲ್ ಪದವಿ ಅಂಟಿಸುತ್ತಾರೆ, ಕಾವಿಲ್ಲದ ಚಿತ್ರದ ಬೆಂಕಿಯ ಹಾಗೆ. ಆದರೆ ಸಮುದ್ರದ ಮೇಲೆ ಅವನ ಅಡ್ಮಿರಲ್ ಬಾವುಟ ಎಂದೂ ಏರುವುದಿಲ್ಲ.

ಎದುರುಮನೆಯ ಸರ್ ಜೋಸ್ಲಿನ್ ಬ್ರೇ ಅರವತ್ತಮೂರರಲ್ಲೂ ಸೇವೆಯಲ್ಲಿದ್ದ ವೈಸ್ ಅಡ್ಮಿರಲ್. ಹತ್ತು ದಿನದಿಂದ ನ್ಯುಮೋನಿಯಾ. ಪಟ್ಟಿಯಲ್ಲಿ ಪಾಸ್ಕೊನ ಕೆಳಗಿನ ಹೆಸರು ಲೈಲ್. ಚೀನಾ ಕಡಲಿನಲ್ಲಿದ್ದ ಆ ಲೈಲ್, ಸರ್ ಜೋಸ್ಲಿನ್ನರ ಅಳಿಯ. ಮಾವ ಇವತ್ತು ಸತ್ತರೆ ಪಾಸ್ಕೊ ಅಡ್ಮಿರಲ್, ನಾಳೆ ಸತ್ತರೆ ಅಳಿಯ ಅಡ್ಮಿರಲ್. ಬೀದಿಯ ಮಕ್ಕಳಿಗೂ ಈ ಲೆಕ್ಕ ಬಾಯಿಪಾಠವಾಗಿತ್ತು.

ಪಾಸ್ಕೊ ಕೆಟ್ಟವನಲ್ಲ. ಹದಿಮೂರಕ್ಕೆ ಹಡಗು ಹತ್ತಿದವನು. ನಲವತ್ತೆರಡು ವರ್ಷ ಹಿತ್ತಾಳೆ ಉಜ್ಜಿಸಿದ, ಬಣ್ಣ ಹೊಡೆಸಿದ. ಹೊಗೆ ತಾಗಿ ಬಣ್ಣ ಕೆಟ್ಟೀತೆಂದು ಅಭ್ಯಾಸದ ಗುಂಡುಗಳನ್ನು, ಮೇಲಿನವರ ಕಣ್ಣುಸನ್ನೆ ನೋಡಿಕೊಂಡು, ಹಾರಿಸದೆಯೇ ಸಮುದ್ರಕ್ಕೆ ಸುರಿಸಿದ. ಅವನ ಗುಂಡುಗಳಿಗೆ ಹೆದರಿದ್ದು ಮೀನುಗಳು ಮಾತ್ರ.

ಒಂಬತ್ತಕ್ಕೆ ಪಕ್ಕದ ಮನೆಯ ಟಿಪೆಟಮ್ಮ ಬಂದಳು. ನೌಕಾ ವೈದ್ಯನಾಗಿದ್ದ ಗಂಡ ಸತ್ತ ಮೇಲೆ ಬೀದಿಯ ಕಾಯಿಲೆಗಳೆಲ್ಲ ಅವಳ ಆಸ್ತಿ.

"ಅಲ್ರೀ ಕ್ಯಾಪ್ಟನ್, ಇವತ್ತೊಂದು ದಿನ ಬಾಯಿ ಮುಚ್ಕೊಂಡಿರೋಕಾಗ್ಲಿಲ್ವಾ? ಹೆಣ ಕಾಯೋ ಹದ್ದು ಕೂಡ ಹಾಲಿನವನನ್ನ ವಿಚಾರಿಸಲ್ಲ."

"ಕಾಳಜಿಯಿಂದ ಕೇಳ್ದೆ, ಟಿಪೆಟಮ್ಮ."

"ಕಾಣ್ತಿದೆ. ಕಾಳಜಿಗೆ ಆಗ್ಲೇ ಸಾವಿನ ಮನೆಯ ಕಪ್ಪು ಕೋಟು ಹಾಕ್ಸಿದೀರಲ್ಲ."

ದಿನಾ ಹಾಕುವ ಕೋಟು ಮಳೆಯಲ್ಲಿ ನೆಂದದ್ದರಿಂದ ಸಿಕ್ಕಿದ್ದನ್ನು ಹಾಕಿಕೊಂಡಿದ್ದ. ಅದನ್ನು ಹೇಳಿದಷ್ಟೂ ಅವಳ ಹುಬ್ಬು ಮೇಲೇರಿತು.

ಬಾಯಿಮಾತಿನಿಂದ ಆಗದ್ದನ್ನು ಕೆಲಸದಿಂದ ಸಾಧಿಸಬೇಕೆಂದು ಪಾಸ್ಕೊ ಲಾಯದಿಂದ ಒಂದು ಗಾಡಿ ಒಣಹುಲ್ಲು ತರಿಸಿದ. ರೋಗಿ ಮಲಗಿರುವ ಮನೆಯ ಮುಂದೆ ಗಾಲಿಗಳ ಸದ್ದಡಗಲೆಂದು ಬೀದಿಗೆ ಹುಲ್ಲು ಹಾಸುವುದು ವಾಡಿಕೆ. ಬ್ರೇ ಮನೆಯವರಿಗೆ ಯಾಕೋ ಅದು ಹೊಳೆದಿರಲಿಲ್ಲ. ಕವೆಗೋಲು ಹಿಡಿದು ತಾನೇ ಹರಡತೊಡಗಿದ.

ನಿವೃತ್ತ ಖಜಾಂಚಿ ಗ್ಯಾಮನ್ ಕಿಟಕಿಯಿಂದ ಕೂಗಿದ: "ಏನಯ್ಯಾ ಪಾಸ್ಕೊ, ಹೆಣದ ಗಾಡಿ ಜಾರದಿರಲಿ ಅಂತಲಾ?"

ಅಷ್ಟರಲ್ಲಿ ಬೇಕರಿಯ ಗಾಡಿ ಬಂತು. ಅದರ ಕುದುರೆ ಇಂಥ ಔತಣವನ್ನು ಜನ್ಮದಲ್ಲಿ ಕಂಡಿರಲಿಲ್ಲ. ನಿಂತಲ್ಲೇ ಮೇಯತೊಡಗಿತು. ಪಾಸ್ಕೊ ಲಗಾಮು ಹಿಡಿದೆಳೆದ. ಕುದುರೆ ಹಿಂದಕ್ಕೆ ಒದೆಯಿತು. ಗಾಡಿಯಲ್ಲಿದ್ದ ತಗಡಿನ ತಟ್ಟೆಗಳೆಲ್ಲ ರೋಗಿಯ ಕಿಟಕಿಯ ಕೆಳಗೇ ಕಲ್ಲುಹಾಸಿನ ಮೇಲೆ ಉರುಳಿದವು. ನಲವತ್ತೆರಡು ವರ್ಷದಲ್ಲಿ ಪಾಸ್ಕೊ ಮಾಡಿಸಿದ ಮೊದಲ ದೊಡ್ಡ ಸದ್ದು ಅದು. ಬೀದಿಯೆಲ್ಲ ತಲೆಯೆತ್ತಿ ನೋಡಿತು. ಮೇಲಿನ ಕೋಣೆಯ ಪರದೆ ಮಿಸುಕಲಿಲ್ಲ.

"ಕೊಂದೇಬಿಟ್ರಾ?" ಎಂದಳು ಟಿಪೆಟಮ್ಮ.

ಗಾಯಕ್ಕೆ ಉಪ್ಪು ಸವರಲು ದರ್ಜಿಯ ಆಳು ಬಂದ. ಕೈಯಲ್ಲಿ ಪಾಸ್ಕೊನ ಸಮವಸ್ತ್ರದ ಕೋಟು. ಹೆಂಡತಿ ಹೆಸ್ಟರ್ ಗಂಡನಿಗೆ ತಿಳಿಯದಂತೆ ಕಳಿಸಿದ್ದಳು.

"ಸಾಹೇಬ್ರೇ, ಅಮ್ಮಾವ್ರು ತೋಳಿಗೆ ಅಡ್ಮಿರಲ್ ಪಟ್ಟಿ ಹೊಲೀರಿ ಅಂದಿದಾರೆ. ನಮ್ಮ ಯಜಮಾನ್ರು ಕೇಳ್ತಿದಾರೆ, ಈಗ್ಲೇ ಹೊಲೀಬೇಕಾ, ಇಲ್ಲಾ ಅವರು ಹೋಗೋವರೆಗೂ ಕಾಯ್ಬೇಕಾ?"

ಕಿಟಕಿಯಲ್ಲಿ ಗ್ಯಾಮನ್ ನಕ್ಕು ನಕ್ಕು ಕೆಮ್ಮಿದ. ಪಾಸ್ಕೊ ಕವೆಗೋಲು ಹಿಡಿದು ಹುಲ್ಲಿನ ನಡುವೆ ಬೆದರುಬೊಂಬೆಯಂತೆ ನಿಂತ.

ಆಗ ಎದುರುಮನೆಯ ಬಾಗಿಲು ತೆರೆಯಿತು. ಲೈಲನ ಹೆಂಡತಿ ಕಾನ್‌ಸ್ಟನ್ಸ್ ಹೊರಬಂದಳು. ಮುಖ ಹಿಟ್ಟಿನಂತೆ ಬಿಳಿಚಿಕೊಂಡಿತ್ತು.

"ಕ್ಯಾಪ್ಟನ್, ನಾಲ್ಕು ಗಂಟೆಗೆ ಬನ್ನಿ. ಅಪ್ಪನ್ನ ನೋಡ್ಬಹುದು ಅಂತ ಅಮ್ಮ ಹೇಳಿದ್ರು."

ಹತ್ತು ದಿನದಿಂದ ಯಾರನ್ನೂ ಒಳಗೆ ಬಿಡದ ಮನೆ! ಟಿಪೆಟಮ್ಮ ಸುದ್ದಿ ಹೊತ್ತು ಮುಂದಿನ ಮನೆಗೆ ಓಡಿದಳು.

ನಾಲ್ಕಕ್ಕೆ ಪಾಸ್ಕೊ ತುದಿಗಾಲಲ್ಲಿ ಮೆಟ್ಟಿಲು ಹತ್ತಿದ. ಪರದೆಗಳು ಮುಚ್ಚಿದ್ದವು. ನೀಲಗಿರಿ ಎಣ್ಣೆಯ ಆವಿ ಕಣ್ಣಿಗೆ ಹತ್ತಿತು. ದಿಂಬಿನ ಮೇಲೆ ಮಲಗುವ ಟೋಪಿ, ಒಂದು ಮೂಗು, ಉಳಿದದ್ದೆಲ್ಲ ಕಂಬಳಿ. ಲೇಡಿ ಬ್ರೇ ತಲೆದೆಸೆಯಲ್ಲಿ ನೆಟ್ಟಗೆ ಕೂತಿದ್ದರು.

"ಡಾಕ್ಟರನ್ನ ಕರ್ಕೊಂಡು ಬರ್ಲಾ, ಮೇಡಂ?"

"ಬೇಡ. ಈಗ ತಾನೇ ನಿದ್ದೆ ಹತ್ತಿದೆ. ಡಾಕ್ಟರು ನಾಳೆ ಬೆಳಿಗ್ಗೆ ಬರ್ತಾರೆ." ಆಮೇಲೆ ಗಂಡನ ಕಡೆ ಬಾಗಿದರು. "ಜಾಸ್, ಪಾಸ್ಕೊ ಬಂದಿದಾರೆ ನೋಡಿ. ನಿಮಗೋಸ್ಕರ ಹುಲ್ಲು ಹಾಸಿದ್ರಂತೆ."

ಪಾಸ್ಕೊ ಕಂಬಳಿಯೊಳಗಿನ ಕೈ ಮುಟ್ಟಿದ. ಬೆಚ್ಚಗಿತ್ತು.

"ನಿಮ್ಮ ಕೈ ಒತ್ತಿದ್ರು. ಗೊತ್ತಾಯ್ತಾ?" ಎಂದರು ಲೇಡಿ ಬ್ರೇ.

ಏನೂ ಗೊತ್ತಾಗಿರಲಿಲ್ಲ. ಆದರೆ ಬೆಳಗಿನಿಂದ ಹದ್ದೆನಿಸಿಕೊಂಡವನು ಈ ಹೆಂಗಸಿಗೆ ಇಲ್ಲವೆನ್ನುವುದು ಹೇಗೆ?

"ಆಯ್ತು ಮೇಡಂ. ಒಳ್ಳೇ ಹಿಡಿತ."

ಕೆಳಗೆ ವಿಚಾರಿಸಲು ಬಂದವರು ಹೆಸರು ಬರೆಯುವ ಪುಸ್ತಕವಿತ್ತು. ಪಾಸ್ಕೊ ದಪ್ಪಕ್ಷರದಲ್ಲಿ ಬರೆದ: "ಸಂಜೆ ನಾಲ್ಕಕ್ಕೆ ಸರ್ ಜೋಸ್ಲಿನ್ನರನ್ನು ಕಂಡೆ. ನನ್ನನ್ನು ಗುರುತಿಸಿ ಬಲವಾಗಿ ಕೈಕುಲುಕಿದರು. ವಸಂತಕ್ಕೆ ಹಡಗಿನ ಮೇಲಿರುತ್ತಾರೆ." ಹೊರಗೆ ನಿಂತವರಿಗೆ ಅದನ್ನೇ ಇನ್ನಷ್ಟು ಬಣ್ಣ ಬಳಿದು ಹೇಳಿದ. ಬಣ್ಣ ಬಳಿಯುವುದು ಅವನಿಗೆ ಗೊತ್ತಿದ್ದ ಕೆಲಸ. ಸಂಜೆಯ ಪತ್ರಿಕೆಯಲ್ಲಿ ಅವನ ಹೆಸರಿನೊಂದಿಗೆ ಸುದ್ದಿ ಬಂತು. ಗ್ಯಾಮನ್ ಮನೆಗೇ ಬಂದು ಕೈಕುಲುಕಿದ: "ದೊಡ್ಡ ಮನುಷ್ಯನಯ್ಯಾ ನೀನು. ನಾನಾಗಿದ್ರೆ ದಿಂಬು ಒತ್ತಿ ಬರ್ತಿದ್ದೆ." ಹೆಸ್ಟರ್ ಮಾತ್ರ ಬೆನ್ನು ತಿರುಗಿಸಿ ಮಲಗಿದಳು. ಪಾಸ್ಕೊ, ಎಷ್ಟೋ ದಿನದ ಮೇಲೆ, ನೆಮ್ಮದಿಯಾಗಿ ನಿದ್ದೆ ಮಾಡಿದ.

ಬುಧವಾರ ಬೆಳಿಗ್ಗೆ ಅವನಿಗೆ ಐವತ್ತೈದು. ಸರ್ ಜೋಸ್ಲಿನ್ ನಸುಕಿನ ಎರಡು ಗಂಟೆಗೆ ತೀರಿಕೊಂಡರೆಂದು ಸುದ್ದಿ.

ಬಟ್ಟೆ ಒಗೆಯುವ ಸ್ಟಬ್ಸಮ್ಮ ಅಂದು ಪಾಸ್ಕೊನ ಮನೆಗೆ ತಡವಾಗಿ ಬಂದಳು. ಬೀದಿಯ ಹೆಣಗಳಿಗೆ ಸ್ನಾನ ಮಾಡಿಸುವವಳೂ ಅವಳೇ.

"ಮೂವತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ ಕಣಮ್ಮ," ಎಂದಳು ಹೆಸ್ಟರಿಗೆ. "ನಸುಕಲ್ಲಿ ಹೋದೋರ ಮೈ ಅಲ್ಲ ಅದು. ಮರಗಟ್ಟಿ ಆಗಿ, ಮತ್ತೆ ಕತ್ತು ಸಡಿಲ ಬಿಡ್ತಾ ಇತ್ತು. ನಿನ್ನೆ ಬೆಳಕು ಹರಿಯೋ ಹೊತ್ತಿಗೇ ಹೋಗಿದಾರೆ ಪುಣ್ಯಾತ್ಮರು. ಹಾಸಿಗೇಲಿ ಬಿಸಿನೀರಿನ ಜಾಡಿ ನಾಲ್ಕು ಸಿಕ್ತು. ಸತ್ತೋರಿಗೆ ಯಾತಕ್ಕೆ ಚಳಿ?"

ಹೆಸ್ಟರ್ ಟೋಪಿಯನ್ನು ಗಂಡನ ತಲೆಗೆ ಒತ್ತಿದಳು. "ಓಡ್ರೀ! ಡಾಕ್ಟರ ಹತ್ರ ಓಡಿ! ಅಡ್ಮಿರಲ್ ನೀವೇ!"

ಡಾಕ್ಟರ್ ಕ್ರೇಲ್ ಪೂರ್ತಿ ಕೇಳಿಸಿಕೊಂಡರು. ಮೇಜಿನ ಮೇಲಿದ್ದ ಹಿಂದಿನ ಸಂಜೆಯ ಪತ್ರಿಕೆಯನ್ನು ಇತ್ತ ತಿರುಗಿಸಿದರು.

"ನನಗೂ ಅನುಮಾನ ಇತ್ತು ಕ್ಯಾಪ್ಟನ್. ನಿಮ್ಮ ಮಾತು ಓದಿದ ಮೇಲೇ ಮರಣಪತ್ರದಲ್ಲಿ ನಸುಕಿನ ಎರಡು ಗಂಟೆ ಅಂತ ಬರೆದದ್ದು. ಈಗ ತಿದ್ದೋದಾದ್ರೆ ಏನಂತ ತಿದ್ಲಿ? ದೊರೆಯ ಅಧಿಕಾರಿಯೊಬ್ಬರು ಹೆಣದ ಕೈಕುಲುಕಿ, ಕ್ಷೇಮ ವಿಚಾರಿಸಿ ಬಂದ್ರು ಅಂತಲಾ? ಇಲ್ಲಾ, ಕೈಬರಹದಲ್ಲಿ ಸುಳ್ಳು ಬರೆದ್ರು ಅಂತಲಾ? ಯಾವುದು ಬೇಕು ಹೇಳಿ."

ಪಾಸ್ಕೊಗೆ ಎರಡೂ ಬೇಡವಾಗಿತ್ತು. ಸಿಟ್ಟು ಮಾತ್ರ ಬೇಕಾಗಿತ್ತು. ಅದನ್ನು ಹೊತ್ತುಕೊಂಡು ನೇರ ಎದುರುಮನೆಗೆ ನುಗ್ಗಿದ.

ಲೇಡಿ ಬ್ರೇ ಒಬ್ಬರೇ ಕೂತಿದ್ದರು. ಕೈಗಳು ಮಡಿಲಲ್ಲಿ, ಯಾರೋ ಇಟ್ಟು ಮರೆತುಹೋದ ಹಾಗೆ.

"ಗೊತ್ತಾಯ್ತೇನೋ," ಎಂದರು. "ಬೈದುಬಿಡಿ. ನಿನ್ನೆ ಏಳೂ ಹತ್ತಕ್ಕೆ ಹೋದ್ರು. ಆ ಪಟ್ಟಿಗೋಸ್ಕರ, ಅಳಿಯನಿಗೋಸ್ಕರ, ಇಡೀ ದಿನ ಅವರ ಜೊತೆ ಮಾತಾಡ್ತಾ ಕೂತೆ. ಅಳೋ ಹಾಗಿರಲಿಲ್ಲ. ಇವತ್ತು ಅಳಬಹುದು, ಬರ್ತಾ ಇಲ್ಲ. ನೀವು ಕೂಗಾಡಿದ್ರೆ ಬರ್ತದೇನೋ."

ಬಿರುಗಾಳಿಯನ್ನು ಮೀರಿಸಿ ಆಜ್ಞೆ ಕೂಗಿದ ಗಂಟಲು ಅದು. ಪಾಸ್ಕೊ ಬಾಯಿ ತೆರೆದ.

"ಸರ್ ಜೋಸ್ಲಿನ್ ತುಂಬಾ... ತುಂಬಾ ಒಳ್ಳೆಯವರು, ಮೇಡಂ," ಎಂದ.

ಅವರು ತಲೆಯಾಡಿಸಿದರು. ಮೇಜಿನ ಮೇಲಿನ ಕಾಗದ ಎಳೆದುಕೊಂಡು, ಶವಯಾತ್ರೆಯ ಸಾಲಿನಲ್ಲಿ ಅವನ ಹೆಸರು ಹುಡುಕಿದರು.

"ಶುಕ್ರವಾರ ಹನ್ನೊಂದಕ್ಕೆ. ಪೆಟ್ಟಿಗೆಯ ಪಕ್ಕದಲ್ಲಿ ಅಡ್ಮಿರಲ್‌ಗಳು ನಡೀತಾರೆ. ನೀವು ಹಿಂದೆ, ಕ್ಯಾಪ್ಟನ್. ನಿವೃತ್ತರ ಜೊತೆ."