ಪೆಟ್ಟಿಗೆಯ ಮೇಲಿನ ವೀರ

ನನ್ನದೊಂದು ದೌರ್ಬಲ್ಯವನ್ನು ಮೊದಲೇ ಹೇಳಿಬಿಡುತ್ತೇನೆ: ನಾನು ಪೆಟ್ಟಿಗೆ ನೋಡಿ ಮರುಳಾಗುವವನು. ಒಳಗಿನ ಸರಕು ನನಗೆ ಆಮೇಲಿನ ಮಾತು. ತೊಂಬತ್ತರ ದಶಕದ ಕೊನೆಯಲ್ಲಿ ತಮಿಳುನಾಡಿನ ಕಂಬಂನಲ್ಲಿ ಟಿವಿ ರಿಪೇರಿ ಮಾಡಿಕೊಂಡಿದ್ದಾಗ ಈ ಚಾಳಿ ಜೋರಾಯಿತು. ಬೋಡಿಮೆಟ್ಟಿನ ಏಲಕ್ಕಿ ತೋಟದವರೊಬ್ಬರು ತೀರಾ ಹಳೆಯ ವಿಡಿಯೋ ಗೇಮೊಂದನ್ನು ರಿಪೇರಿಗೆ ತಂದರು. ನಾನು ಅದಕ್ಕೆ ಜೀವ ಬರಿಸುವಷ್ಟರಲ್ಲಿ ಅವರಿಗೇ ಬೇಸರವಾಗಿ, ನೀನೇ ಇಟ್ಟುಕೋ ಎಂದು ಹೋದರು. ಅದರ ಜೊತೆಗೊಂದು ರಟ್ಟಿನ ಪೆಟ್ಟಿಗೆ. ಅದರ ಮೇಲೆ ಕೈಯಿಂದ ಬರೆದ ಚಿತ್ರ: ಕೆಂಪು ಆಕಾಶ, ಎರಡು ಚಂದ್ರ, ಬಂಡೆಯ ಮೇಲೆ ನಿಂತು ಮಿಂಚಿನ ಕತ್ತಿ ಎತ್ತಿದ ವೀರ. ದಿನಾ ಅದನ್ನು ಎದುರಿಗೆ ನಿಲ್ಲಿಸಿಕೊಂಡು ಉಣ್ಣುತ್ತಿದ್ದೆ. "ನನ್ನ ಮೊಕ ಹಿಂಗೆ ಒಂದಿನ ನೋಡಿದ್ದೀರಾ?" ಎಂದಳು ಬುತ್ತಿ ತಂದ ಹೆಂಡತಿ ರಾಜಮ್ಮ. ನಾನು ಪೆಟ್ಟಿಗೆಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದೆ.

ಅಂಗಡಿಗೆ ಹೊಸ ಬೋರ್ಡು ಬರೆಸಬೇಕಾದಾಗ ಆ ವೀರನೇ ಇರಲಿ ಎಂದುಕೊಂಡು ಮಲ್ಲು ಮಾಮನನ್ನು ಕರೆದೆ. ಮಾಮ ನಮ್ಮ ಹಾಗೆ ಅಲ್ಲಿನ ಕನ್ನಡದವರೇ; ಊರಿನ ಬೋರ್ಡುಗಳನ್ನೂ ದ್ರಾಕ್ಷಿ ಪೆಟ್ಟಿಗೆಗಳ ಮೇಲಿನ ಗೊಂಚಲುಗಳನ್ನೂ ಬರೆದು ಬರೆದು ಮುದುಕರಾದವರು. ಚಿತ್ರವನ್ನು ಬೆಳಕಿಗೆ ಹಿಡಿದು, "ಯಾರು ತಂಬೀ ಇವನು?" ಎಂದರು.

"ಆಟದೊಳಗಿರೋ ವೀರ, ಮಾಮ."

"ಹಂಗಾದ್ರೆ ತೋರ್ಸು. ಆಳು ನೋಡದೆ ನಾನು ಪಡಂ ಬರೆಯಲ್ಲ."

ತೋರಿಸಿದರೆ ಮಾಮ ಎದ್ದು ಹೋಗುತ್ತಾರೆಂಬುದರಲ್ಲಿ ಅನುಮಾನವಿರಲಿಲ್ಲ. ಬೇರೆ ದಾರಿಯಿಲ್ಲದೆ ಟಿವಿಗೆ ವೈರು ಜೋಡಿಸಿದೆ. ಕಪ್ಪು ಪರದೆಯ ಮೇಲೆ ಸಕ್ಕರೆ ಹರಳಿನಷ್ಟು ಬಿಳಿಯ ಚೌಕವೊಂದು ಎಡಕ್ಕೂ ಬಲಕ್ಕೂ ಓಡಾಡಿತು.

"ವೀರ ಎಲ್ಲಿ?"

"ಅದೇ ಮಾಮ."

"ಚಂದ್ರ?"

"ಇಲ್ಲ."

ಮಾಮ ಟಿವಿಯನ್ನೂ ಪೆಟ್ಟಿಗೆಯನ್ನೂ ಬದಲಿಸಿ ಬದಲಿಸಿ ನೋಡಿದರು. ಬೈಗುಳಕ್ಕೆ ಸಿದ್ಧನಾದೆ. ಅವರು ಪೆಟ್ಟಿಗೆಯ ಆರೂ ಬದಿ ತಿರುಗಿಸಿ, "ಇದನ್ನ ಬರೆದವನ ಹೆಸರು ಎಲ್ಲಿ ಐತೆ?" ಎಂದರು. ಎಲ್ಲೂ ಇರಲಿಲ್ಲ. "ಈ ಚುಕ್ಕೀನ ನೋಡಿ ಆ ಆಳ್ನ ಬರೆದವ್ನೆ ಕಣೋ ತಂಬೀ! ನಂಗೂ ಕೊಳೆತ ಗೊಂಚಲೇ ಕೊಟ್ಟು ಬರಿ ಅನ್ನೋರು. ನನ್ ಹೆಸ್ರೂ ಯಾವ ಪೆಟ್ಟಿಗೆ ಮ್ಯಾಲೂ ಇಲ್ಲ." ಚಿತ್ರದ ಮೂಲೆಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ನಾನು ವರ್ಷವಿಡೀ ನೋಡಿದ್ದು ವೀರನನ್ನು. ಬರೆದವನೊಬ್ಬ ಇದ್ದಾನೆಂಬುದು ನನಗೆ ಹೊಳೆದೇ ಇರಲಿಲ್ಲ.

"ಅವನ ಆಳು ಅವನಿಗಿರ್ಲಿ. ನಾನು ನಿನ್ನನ್ನೇ ಬರೀತೀನಿ, ನಿಂತ್ಕೋ," ಎಂದರು.

ಮೂರು ದಿನದ ಮೇಲೆ ಬೋರ್ಡು ಏರಿತು. ಕೆಂಪು ಆಕಾಶದಡಿ, ಟಿವಿಗಳ ಗುಡ್ಡದ ಮೇಲೆ, ಬೆಸುಗೆ ಕಡ್ಡಿಯನ್ನು ಮೇಲೆತ್ತಿ, ತೊಡೆಯಷ್ಟು ದಪ್ಪ ತೋಳಿನ ನಾನು. ಮೂಲೆಯಲ್ಲಿ ಎದ್ದು ಕಾಣುವಂತೆ 'ಮಲ್ಲು, ಕಂಬಂ'. ರಾಜಮ್ಮ ಸೊಂಟಕ್ಕೆ ಕೈಯಿಟ್ಟು ನೋಡಿ, "ಮೀಸೆ ನಿಮ್ದೇ. ಮಿಕ್ಕಿದ್ದು ಯಾರ್ದು?" ಎಂದಳು.

ಗಿರಾಕಿಗಳೇನೋ ಹೆಚ್ಚಿದರು. ಒಮ್ಮೆ ಶೇರ್ ಆಟೋದಲ್ಲಿ ಟಿವಿ ಹೊತ್ತು ತಂದ ಹಿರಿಯರೊಬ್ಬರು ಬೋರ್ಡು ನೋಡಿ, ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಮುದಲಾಳಿ, ಆ ಬೋರ್ಡಿನ ಧಣಿ, ಇಲ್ಲವಾ ತಂಬೀ?" ಎಂದರು.

"ಊಟಕ್ಕೆ ಹೋಗವ್ರೆ, ಕೂತ್ಕಳಿ," ಎಂದು ಹೇಳಿ, ಆ ಮುದಲಾಳಿ ಬರುವಷ್ಟರಲ್ಲಿ ಮುಗಿಸಿಬಿಡೋಣವೆಂದು ನಾನೇ ಟಿವಿ ಬಿಚ್ಚಿದೆ.