ಚಿಕ್ಕಮ್ಮ ಮತ್ತು ಮೆಟ್ರಿಯ ಎರೆಹುಳುಗಳು

ನಮ್ಮ ಚಿಕ್ಕಮ್ಮನಿಗೆ ಬೆನ್ನೆಲುಬು ಇರುವ ಪ್ರಾಣಿಗಳೆಂದರೆ ಅಷ್ಟಕ್ಕಷ್ಟೆ. ಅದರಲ್ಲಿ ನಾವು ನೆಂಟರೂ ಸೇರಿದ್ದೇವೆ. ಫೋನು ಮಾಡಿದರೆ "ಆರಾಮ ಅದೀಯೇನವ್ವ?" ಎಂದು ಕೇಳುತ್ತಾರೆ, ನಿಜ. ಆದರೆ ಉತ್ತರ ಮುಗಿಯುವ ಮೊದಲೇ "ನಿಮ್ಮ ಹಿತ್ತಲದಾಗ ಬಸವನಹುಳ ಅದಾವೋ ಇಲ್ಲೋ?" ಎಂದು ಮುಖ್ಯ ವಿಷಯಕ್ಕೆ ಬಂದುಬಿಡುತ್ತಾರೆ. ನನಗೆ ಟೈಫಾಯಿಡ್ ಆಗಿದ್ದಾಗ ನೋಡಲು ಬಂದವರು ನನ್ನ ಮಂಚದ ಬಳಿ ಕೂತದ್ದಕ್ಕಿಂತ ಬಚ್ಚಲ ನೀರು ಹರಿಯುವಲ್ಲಿ ಕುಕ್ಕರುಗಾಲಲ್ಲಿ ಕೂತದ್ದೇ ಹೆಚ್ಚು. ಯಾರ ಯೋಗಕ್ಷೇಮ ವಿಚಾರಿಸಲು ಬಂದಿದ್ದರು ಎಂದು ನಮ್ಮಮ್ಮನಿಗೆ ಇವತ್ತಿಗೂ ಅನುಮಾನ.

ಹೊಸಪೇಟೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು ಅವರು. ಮನೆ ಚಿತ್ತವಾಡ್ಗಿಯಲ್ಲಿ. ನಿವೃತ್ತರಾದ ಮೇಲೆ ಉಳಿದವರು ತೀರ್ಥಯಾತ್ರೆಗೆ ಹೊರಟರೆ ಇವರು ಹಳ್ಳ, ಕಾಲುವೆ, ಗದ್ದೆ ಸುತ್ತತೊಡಗಿದರು. ಹಂಪಿಗೆ ಕರೆದುಕೊಂಡು ಹೋದರೆ ಎಲ್ಲರೂ ತಲೆಯೆತ್ತಿ ಗೋಪುರ ನೋಡುವಾಗ ಇವರು ಸೀರೆ ಎತ್ತಿಕಟ್ಟಿ ಹೊಳೆಗಿಳಿದು ಕಲ್ಲು ಮಗುಚುತ್ತಿರುತ್ತಾರೆ. ಅಡಿಯಲ್ಲಿ ಅಂಟಿಕೊಂಡ ಹುಳುಗಳನ್ನು ನೋಡಿ ಮಾತಾಡಿಸಿ, ಕಲ್ಲನ್ನು ಮೊದಲಿದ್ದ ಹಾಗೆಯೇ ಇಡುತ್ತಾರೆ. "ಅವುಗಳ ಮನಿ ಚಾವಣಿ ಎತ್ತಿ ನೋಡೀವಿ. ಹಂಗ ಬಿಟ್ಟು ಹೋದ್ರ ಹೆಂಗ?"

ನನ್ನ ಅಣ್ಣನಿಗೆ ಹೆಣ್ಣು ನೋಡಲು ಸಂಡೂರಿಗೆ ಹೋದಾಗ ಇವರನ್ನೂ ಕರೆದೊಯ್ದದ್ದು ನಮ್ಮ ತಪ್ಪು. ಹುಡುಗಿ ಬಂದು ಕೂತಳು, ಚಿಕ್ಕಮ್ಮ ಕಾಣಲಿಲ್ಲ. ಮನೆಯ ಹಿಂದೆ ಹಳ್ಳವಿದೆ ಎಂದು ಯಾರೋ ಹೇಳಿದ್ದರಂತೆ. ಸ್ವಲ್ಪ ಹೊತ್ತಿಗೆ ಮೊಣಕಾಲಿನ ತನಕ ಕೆಂಪು ಕೆಸರು ಮಾಡಿಕೊಂಡು ನಡುಮನೆಗೆ ಬಂದು ನಿಂತರು.

"ಏನ್ರಿ, ಹಳ್ಳದಾಗ ಒಂದ ಒಂದು ಏಡಿ ಇಲ್ಲಲ್ರಿ?"

ಹುಡುಗಿಯ ತಂದೆ ಗಾಬರಿಯಾದರು. ಬೀಗರ ಮನಸ್ಸು ನೋಯಬಾರದು, ಆಚಾರವೂ ಕೆಡಬಾರದು. ಕೈಮುಗಿದು ಹೇಳಿದರು, "ಏಡಿ ನಮ್ಮ ಮನ್ಯಾಗ ಮಾಡಂಗಿಲ್ರಿ ಅಕ್ಕಾರ. ಉಪ್ಪಿಟ್ಟು ಮಾಡಿಸೀವಿ."

ನಾವು ದಾರಿಯುದ್ದಕ್ಕೂ ನಕ್ಕೆವು. ಚಿಕ್ಕಮ್ಮ ನಗಲಿಲ್ಲ. ಹಿಂದೆ ವಿದ್ಯಾರ್ಥಿಗಳನ್ನು ಅದೇ ಹಳ್ಳಕ್ಕೆ ಕರೆತರುತ್ತಿದ್ದರಂತೆ. ಕಲ್ಲುಕಲ್ಲಿನ ಸಂದಿಯಲ್ಲೂ ಏಡಿ, ಏರೋಪ್ಲೇನ್ ಚಿಟ್ಟೆಯ ಮರಿ, ಸೀಗಡಿ. ಈಗ ಗುಡ್ಡದಿಂದ ಇಳಿಯುವ ಅದಿರಿನ ಧೂಳು ಸಂದಿಗಳನ್ನೆಲ್ಲ ಮೆತ್ತಿಬಿಟ್ಟಿದೆ. "ನೀರು ಹರೀತೈತಿ. ಅಡಗಿ ಕುಂದ್ರಾಕ ಜಾಗ ಇಲ್ಲ. ಉಸಿರಾಡಾಕಂತೂ ಇಲ್ಲ" ಎಂದರು.

ಚಿತ್ತವಾಡ್ಗಿಯಲ್ಲೂ ಅವರಿಂದ ನೆರೆಯವರಿಗೆ ನೆಮ್ಮದಿಯಿಲ್ಲ. ಊರ ಚರಂಡಿ ಕಾಲುವೆಗೆ ಸೇರುವ ಜಾಗದಲ್ಲಿ ದಾರದಂಥ ಕೆಂಪು ಹುಳುಗಳು ಮಿಲಮಿಲ ಆಡುತ್ತಿದ್ದವು. ಪಕ್ಕದ ಕಿರಾಣಿ ಅಂಗಡಿಯವರು ಇವರನ್ನು ಸಮಾಧಾನ ಮಾಡುವ ಉತ್ಸಾಹದಲ್ಲಿ, "ನೋಡ್ರಿ ಮೇಡಂ, ಜೀವ ಅದಾವಲ್ಲ, ಭಾಳ ಅದಾವ" ಎಂದು ತೋರಿಸಿದರು.

"ಇವು ಇಷ್ಟು ಅದಾವಂದ್ರ ಉಳಿದವು ಎಲ್ಲ ಹೋದ್ವು ಅಂತ ಅರ್ಥರೀ" ಎಂದರು ಚಿಕ್ಕಮ್ಮ. "ಗಾಳಿ ಇಲ್ಲದ ಹೊಲಸು ನೀರಿನಾಗ ಬದುಕೂದು ಇವಕ್ಕಷ್ಟ ಗೊತ್ತು."

ಅಂಗಡಿಯವರು ಅಂದಿನಿಂದ ಇವರಿಗೆ ಯಾವ ಒಳ್ಳೆಯ ಸುದ್ದಿಯನ್ನೂ ತರುವುದಿಲ್ಲ.

ಕಂಪ್ಲಿ ಹತ್ತಿರದ ಮೆಟ್ರಿಯಲ್ಲಿ ಚಿಕ್ಕಪ್ಪನ ಪಾಲಿನ ಗದ್ದೆಯಿದೆ. ಬೇಸಾಯ ನೋಡಿಕೊಳ್ಳುವವರು ಅವರ ತಮ್ಮ, ಅಂದರೆ ಚಿಕ್ಕಮ್ಮನ ಮೈದುನ. ಎಷ್ಟು ಅಗೆದರೂ ಅಲ್ಲಿ ಒಂದು ಎರೆಹುಳು ಸಿಗಲಿಲ್ಲ. ಮೂಲೆಯ ಒಂದು ಮಡಿಗೆ ಮಾತ್ರ ಹುಳ ಹೊಡೆಯುವ ಗುಳಿಗೆ ಹಾಕಬೇಡ ಎಂದು ಚಿಕ್ಕಮ್ಮ ಕೇಳಿಕೊಂಡರು. ಅತ್ತಿಗೆಯ ಮಾತಿಗೆ ಮೈದುನ ಇಲ್ಲವೆನ್ನಲಿಲ್ಲ. ಆ ಬೆಳೆ ಹೋಯಿತು, ಇನ್ನೊಂದು ಬೆಳೆಯೂ ಹೋಯಿತು. ಹುಳು ಬರಲಿಲ್ಲ. ಕೊನೆಗೆ ಕಮಲಾಪುರದ ಬಾಳೆತೋಟವೊಂದರಲ್ಲಿ ಬೇಡಿ ಅಗೆದು, ಮಣ್ಣಿನ ಸಮೇತ ಎರೆಹುಳುಗಳನ್ನು ಟಿಫಿನ್ ಕ್ಯಾರಿಯರಿಗೆ ತುಂಬಿಕೊಂಡು, ನನ್ನನ್ನೂ ಜೊತೆ ಮಾಡಿಕೊಂಡು ಬಸ್ಸು ಹತ್ತಿದರು.

"ಅಮ್ಮಾರ, ಊಟದ ಡಬ್ಬಿ ಕೆಳಗ ಇಡ್ರಿ, ಜಾಗ ಆಗತೈತಿ" ಎಂದ ಕಂಡಕ್ಟರು.

"ಕೆಳಗ ಇಂಜಿನ್ ಕಾವು ಬಡೀತೈತ್ರಿ. ಸತ್ತು ಹೋಗ್ತಾವ."

ಕಂಪ್ಲಿ ಬರುವವರೆಗೂ ಆತ ನಮ್ಮ ಸೀಟಿನ ಕಡೆ ತಿರುಗಿ ನೋಡಲಿಲ್ಲ.

ಹುಳುಗಳನ್ನು ಬದುವಿನ ತಂಪಿನಲ್ಲಿ ಬಿಟ್ಟು ಬಂದೆವು. ಕೆಲವು ದಿನಗಳಲ್ಲೇ ಮೈದುನನ ಫೋನು ಬಂತು. ಹೋಗಿ ನೋಡಿದರೆ ಹುಳುಗಳೆಲ್ಲ ಮೇಲೆ ಬಂದು, ಬಿಳಿಚಿ ಉಬ್ಬಿ ಸತ್ತು ಬಿದ್ದಿದ್ದವು.

"ನಾ ಹಾಕಿಲ್ಲ ಅತ್ತಿಗಿ, ಆಣಿ ಮಾಡ್ತೀನಿ" ಎಂದರು ಮೈದುನ. "ಮ್ಯಾಲಿನ ಹೊಲದಾವ ಹಾಕ್ಯಾನ. ಅವನ ನೀರ ನಮ್ಮ ಮಡಿಗೆ ಇಳೀಬೇಕು. ಅವಂಗ ಹಾಕಬ್ಯಾಡ ಅನ್ನಾಕ ನನಗ ಬಾಯಿಲ್ಲ, ಉಳಿದ ಗದ್ದಿಗೆ ನಾನೂ ಹಾಕ್ತೀನಿ."

ಚಿಕ್ಕಮ್ಮ ಯಾರನ್ನೂ ಬೈಯಲಿಲ್ಲ. ಬದುವಿನ ಪಕ್ಕ ಸಣ್ಣ ಕುಣಿ ತೋಡಿ ಹುಳುಗಳನ್ನೆಲ್ಲ ಆಯ್ದು ಹಾಕಿ ಮುಚ್ಚಿದರು. "ಮಣ್ಣಾಗ ಬದುಕೂವಕ್ಕ ಮಣ್ಣು ಮಾಡೂದು ಬಂತು ನೋಡು" ಎಂದು ಕೈ ತೊಳೆದುಕೊಂಡರು.

ಆಮೇಲೆ ಅವರು ಹಳ್ಳದ ಕಡೆ ಹೋಗುವುದನ್ನು ಬಿಟ್ಟರು. ಫೋನಿನಲ್ಲಿ ನನ್ನ ಆರೋಗ್ಯ ವಿಚಾರಿಸಿ ಅಷ್ಟಕ್ಕೇ ಇಟ್ಟುಬಿಡುತ್ತಿದ್ದರು. ನಾನು ಆರಾಮಾಗಿದ್ದೇನೆ ಎಂಬುದನ್ನು ಅವರು ಪೂರ್ತಿ ಕೇಳಿಸಿಕೊಂಡದ್ದು ಅದೇ ಮೊದಲು, ಮತ್ತು ಅದರಷ್ಟು ಭಯ ಹುಟ್ಟಿಸುವ ಸಂಗತಿ ಇನ್ನೊಂದಿರಲಿಲ್ಲ.

ಕೊಯ್ಲು ಮುಗಿದ ಮೇಲೆ ಒಂದು ದಿನ ಚಿಕ್ಕಪ್ಪ ಫೋನು ಮಾಡಿದರು. "ನಿಮ್ಮ ಚಿಕ್ಕಮ್ಮನ್ನ ಮೆಟ್ರಿಗೆ ಕರಕೊಂಡು ಬಾರವ್ವ. ನಾ ಮುಂದ ಹೋಗಿರ್ತೀನಿ." ಮರುದಿನ ಬೆಳಗಿನ ಬಸ್ಸಿಗೇ ಅವರು ಹೋಗಿಯಾಗಿತ್ತು. ನಾವು ತಲುಪಿದಾಗ ಅದೇ ಮೂಲೆಯ ಮಡಿಯಲ್ಲಿ ನಿಂತು ಸಲಿಕೆ ಚಾಚಿದರು. "ಇಲ್ಲಿ ಅಗದು ನೋಡು. ಅಲ್ಲಲ್ಲ, ಇಲ್ಲಿ."

ಚಿಕ್ಕಮ್ಮ ಮನಸ್ಸಿಲ್ಲದ ಮನಸ್ಸಿನಿಂದ ಅಗೆದರು. ಮಣ್ಣು ಮಗುಚಿದರೆ ಹುಳುಗಳು ಮುದ್ದೆಮುದ್ದೆಯಾಗಿ ಹೊಳೆಯುತ್ತಿದ್ದವು. ಚಿಕ್ಕಪ್ಪ ದೂರದ ಗುಡ್ಡವನ್ನು ಅಷ್ಟು ಶ್ರದ್ಧೆಯಿಂದ ನೋಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಬಂದಾವೇನು?" ಎಂದರು, ತಿರುಗದೆಯೇ.

ಚಿಕ್ಕಮ್ಮ ಹುಳುಗಳನ್ನೇ ಬಹಳ ಹೊತ್ತು ನೋಡಿದರು.

"ಬಂದಾವ್ರಿ" ಎಂದು ಮೇಲೆ ಒಂದಿಷ್ಟು ಹುಲ್ಲು ಹರಡಿದರು.

ವಾಪಸು ಬಸ್ಸಿನಲ್ಲಿ ಚಿಕ್ಕಪ್ಪ ಮುಂದಿನ ಸೀಟಿನಲ್ಲಿ ಕೂತವರು ಹಾಗೇ ನಿದ್ದೆಹೋದರು. ಚಿಕ್ಕಮ್ಮ ತಗ್ಗಿದ ದನಿಯಲ್ಲಿ ಹೇಳಿದರು, "ಅವು ಹೊಲದ ಹುಳ ಅಲ್ಲ. ಗೊಬ್ಬರ ಮಾಡಾಕ ಸಾಕೂ ಹುಳ. ಸಗಣಿ, ಕಸ ಬೇಕು ಅವಕ್ಕ. ಆ ಮಣ್ಣಿನಾಗ ಭಾಳ ದಿನ ಉಳಿಯಂಗಿಲ್ಲ."

ಪರೀಕ್ಷೆಯಲ್ಲಿ ಹುಳುವಿನ ಹೆಸರು ತಪ್ಪಿದವರನ್ನು ಇವರು ಜನ್ಮದಲ್ಲಿ ಪಾಸು ಮಾಡಿದವರಲ್ಲ. "ಮತ್ತ ಯಾಕ ಹೇಳಲಿಲ್ಲ?" ಎಂದೆ.

"ಬಚ್ಚಲದಾಗ ಜಿರಳಿ ಬಂದ್ರ ನನ್ನ ಕೂಗ್ತಾರ ಅವರು. ಮದುವ್ಯಾದಾಗಿಂದ ಒಂದು ಹುಳ ಮುಟ್ಟಿದ್ದು ನಾ ನೋಡಿಲ್ಲ. ಅಷ್ಟು ಹುಳ ಹೆಂಗ ಎತ್ತಿದ್ರೋ ಏನೋ."

ತೆರೆದ ಕಿಟಕಿಯಿಂದ ಧೂಳು ನುಗ್ಗುತ್ತಿತ್ತು. ಚಿಕ್ಕಮ್ಮ ಎದ್ದು ಮುಂದೆ ಹೋಗಿ ಗಾಜು ಸರಿಸಿದರು. ಚಿಕ್ಕಪ್ಪನ ಪಕ್ಕ ಕೂತು, ಎಚ್ಚರವಾಗದಂತೆ ಅವರ ಕೈ ಎತ್ತಿಕೊಂಡು, ಉಗುರುಗಳಲ್ಲಿ ಒಣಗಿದ್ದ ಸಗಣಿಯನ್ನು ಸೆರಗಿನ ತುದಿಯಿಂದ ಒಂದೊಂದಾಗಿ ಒರೆಸತೊಡಗಿದರು.